ಮಡಿಲಕ್ಕಿಯೂ ಕಾಗದದ ಕಟ್ಟೂ

ನಮ್ಮ ಕಡೆ ಮದುವೆಯಾದ ಹೆಣ್ಣುಮಗಳನ್ನು ತವರಿನಿಂದ ಕಳುಹಿಸಿಕೊಡುವಾಗ ಮಡಿಲು ತುಂಬುವ ವಾಡಿಕೆ ಇದೆಯಷ್ಟೆ. ಅಕ್ಕಿ, ಅರಿಶಿನದ ಕೊಂಬು, ಬೆಲ್ಲದಚ್ಚು, ಕೊಬ್ಬರಿಬಟ್ಟಲು, ವೀಳ್ಯದೆಲೆ ಇವನ್ನೆಲ್ಲ ಸೆರಗಿನಲ್ಲಿ ಕಟ್ಟಿಸಿಕೊಂಡು ಆಕೆ ಗಂಡನ ಮನೆಯ ಹೊಸಿಲು ದಾಟಿ, ಆ ಅಕ್ಕಿಯಿಂದಲೇ ಒಂದು ಪಾಯಸವನ್ನು ಮಾಡಿ ಬಡಿಸಿದಳೆಂದರೆ, ಅಲ್ಲಿಗೆ ಆಕೆ ಆ ಮನೆಯವಳಾದಳೆಂದು ಲೆಕ್ಕ. ಇನ್ನು ಯಾವ ಅಧಿಕಾರಿಯೂ ಬಂದು ನೀನು ಯಾರು ಎಂದು ಕೇಳುವಂತಿಲ್ಲ. ಆದರೆ ಆ ಮನೆ ಹಾಸನದಲ್ಲಿಯೋ ಧಾರವಾಡದಲ್ಲಿಯೋ ಇರದೆ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿದ್ದಾಗ ಈ ಲೆಕ್ಕ ಕೂಡಿಬರುವುದಿಲ್ಲ. ಧಾನ್ಯಕ್ಕೆ ಹತ್ತುವ ಖಾಪ್ರಾ ಎಂಬ ಕೀಟದ ಭಯದಿಂದ, ಭಾರತದಂಥ ದೇಶಗಳ ಪ್ರಯಾಣಿಕರು ಪೆಟ್ಟಿಗೆಯಲ್ಲಿ ಅಕ್ಕಿಯನ್ನು ತರುವುದನ್ನು ಅಲ್ಲಿಯ ಸುಂಕದವರು ನಿಷೇಧಿಸಿದ್ದಾರೆ. ಹೀಗಾಗಿ ಮಡಿಲಕ್ಕಿ ವಿಮಾನ ನಿಲ್ದಾಣದಲ್ಲಿಯೇ ಉಳಿದು, ಕೈಚೀಲದಲ್ಲಿರುವ ಒಂದು ಪ್ಲಾಸ್ಟಿಕ್ ಫೈಲು ಮಾತ್ರ ವಧುವಿನೊಡನೆ ಆ ದೇಶದ ಹೊಸಿಲನ್ನು ದಾಟುತ್ತದೆ.

ಆ ಫೈಲಿನಲ್ಲಿ ಏನಿರಬೇಕು, ಯಾವ ಕಾಗದ ಯಾವುದಕ್ಕೆ ತಾಯಿ, ಯಾವುದನ್ನು ಮೊದಲು ಕೇಳಿದರೆ ಯಾವುದು ಕೈಗೆ ಬಂದೀತು ಎಂಬುದನ್ನು ನಾನು ಅರಿತುಕೊಂಡದ್ದು ಓದಿನಿಂದಲ್ಲ. ತಂಗಿಯ ಮಗಳು ಕ್ಯಾಲಿಫೋರ್ನಿಯದಲ್ಲಿ ಸಂಸಾರ ಹೂಡಿದಾಗ ಕೆಲವು ತಿಂಗಳು ಅವಳ ಮನೆಯಲ್ಲಿದ್ದು, ಬೇರೆ ಕಾರ್ಯಭಾರವಿಲ್ಲದ ಮುದುಕನಾದುದರಿಂದ, ಅಳಿಯ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅವಳ ಜತೆಗೆ ಎಲ್ಲ ಕಚೇರಿಗಳ ಸರತಿಯಲ್ಲಿಯೂ ಕುಳಿತು ಬಂದವನು ನಾನು. ಇಲ್ಲಿ ನಾನು ಹೆಂಡತಿಯೆಂದೇ ಬರೆಯುತ್ತಿದ್ದರೂ, ಹೆಂಡತಿಯ ಉದ್ಯೋಗವನ್ನು ನೆಚ್ಚಿ ಅವಳ ಹಿಂದೆ ಬಂದ ಗಂಡಂದಿರೂ ಈಗ ವಿರಳವಲ್ಲ. ಕಾನೂನಿಗೆ ಈ ವಿಷಯದಲ್ಲಿ ಸ್ತ್ರೀಪುರುಷ ಭೇದವಿಲ್ಲ.

ಮೊದಲು ಒಂದು ವಿಂಗಡಣೆಯನ್ನು ಮಾಡಿಕೊಳ್ಳಬೇಕು. ನಮ್ಮವರ ಪೈಕಿ ಬಹುಮಂದಿ ಹೆಂಡಿರು ಆ ದೇಶವನ್ನು ಪ್ರವೇಶಿಸುವುದು ಎಚ್-4 ಎಂಬ ವೀಸಾದ ಮೇಲೆ; ಗಂಡನು ಎಚ್-1ಬಿ ಎಂಬ ಉದ್ಯೋಗದ ವೀಸಾದಲ್ಲಿರುವ ತನಕ ಅವನ ನೆರಳಿನಲ್ಲಿ ಇರಬಹುದೆಂಬುದೇ ಇದರ ಅರ್ಥ. 1952ರ ವಲಸೆ ಕಾಯಿದೆಯಲ್ಲಿ ಹುಟ್ಟಿದ ಎಚ್ ವರ್ಗಕ್ಕೆ ಹೆಂಡತಿ ಮಕ್ಕಳ ಈ ನಾಲ್ಕನೆಯ ಉಪವರ್ಗ ಸೇರಿದ್ದು 1970ರಲ್ಲಿ. ಎಚ್-1ಬಿ ಎಂಬ ಈಗಿನ ರೂಪ ಬಂದದ್ದು 1990ರ ಕಾಯಿದೆಯಿಂದ. ಇನ್ನೊಂದು ಬಗೆಯವರು ಅಮೆರಿಕದ ಪೌರನನ್ನೋ ಗ್ರೀನ್‌ಕಾರ್ಡು ಉಳ್ಳವನನ್ನೋ ಮದುವೆಯಾಗಿ, ಖಾಯಂ ನಿವಾಸದ ವೀಸಾವನ್ನೇ ಪಡೆದು ಹೋಗುವವರು. ಈ ಎರಡನೆಯ ಬಗೆಯವರ ದಾರಿ ಹೋಗುವ ಮುನ್ನ ಬಲು ದೀರ್ಘ, ಹೋದಮೇಲೆ ಸರಾಗ. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ಮೇಲೆ ವಿಮಾನ ನಿಲ್ದಾಣದ ಮುದ್ರೆ ಬಿದ್ದೊಡನೆ ಅದೇ ಒಂದು ವರ್ಷದ ತಾತ್ಕಾಲಿಕ ಗ್ರೀನ್‌ಕಾರ್ಡು ಆಗುತ್ತದೆ. ವಲಸೆ ಇಲಾಖೆಗೆ ಕಟ್ಟಬೇಕಾದ ಶುಲ್ಕ, 2024ರ ಏಪ್ರಿಲ್‌ನಲ್ಲಿ 235 ಡಾಲರಿಗೆ ಏರಿದ್ದು, ಅದನ್ನು ಕಟ್ಟಿದ್ದರೆ ನಿಜವಾದ ಕಾರ್ಡು ಅಂಚೆಯಲ್ಲಿ ಬರುತ್ತದೆ. ವೀಸಾದ ಅರ್ಜಿಯಲ್ಲಿಯೇ ಕೇಳಿದ್ದ ಒಂದು ಪ್ರಶ್ನೆಗೆ ಹೌದೆಂದು ಗುರುತು ಹಾಕಿದ್ದರೆ ಸಾಮಾಜಿಕ ಭದ್ರತಾ ಸಂಖ್ಯೆಯ ಕಾರ್ಡೂ ಕೆಲವು ವಾರಗಳಲ್ಲಿ ಮನೆ ಬಾಗಿಲಿಗೆ ಬರುತ್ತದೆ. ಒಂದು ಎಚ್ಚರ ಮಾತ್ರ: ಪ್ರವೇಶದ ದಿನ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ, ಕೊಡುವ ಗ್ರೀನ್‌ಕಾರ್ಡು ಎರಡು ವರ್ಷಕ್ಕೆ ಮಾತ್ರ, ಅದು ಮುಗಿಯುವ ಮುಂಚಿನ 90 ದಿನಗಳೊಳಗೆ ದಂಪತಿಗಳಿಬ್ಬರೂ ಕೂಡಿ ಮತ್ತೊಂದು ಅರ್ಜಿಯನ್ನು ಸಲ್ಲಿಸತಕ್ಕದ್ದು. ಇವರ ಮಾತು ಇಷ್ಟು ಸಾಕು. ತೊಡಕಿರುವುದು ಎಚ್-4 ಸೊಸೆಯಂದಿರಿಗೆ.

ಭಾರತದಿಂದ ಹೋದವರಿಗೆ ಅಲ್ಲಿ ಆಗುವ ಮೊದಲನೆಯ ಸೋಜಿಗವೆಂದರೆ, ಅಷ್ಟು ದೊಡ್ಡ ದೇಶಕ್ಕೆ ಆಧಾರ್‌ನಂಥ ಒಂದು ರಾಷ್ಟ್ರೀಯ ಗುರುತಿನ ಚೀಟಿ ಇಲ್ಲವೆಂಬುದು. ಸರ್ಕಾರವು ಪ್ರಜೆಗಳಿಗೆ ಚೀಟಿ ಕಟ್ಟಿ ಎಣಿಸುವುದೆಂದರೆ ಅಲ್ಲಿಯವರಿಗೆ ಸಹಿಸದು. ಆದಕಾರಣ ಬೇರೊಂದು ಕೆಲಸಕ್ಕೆ ಹುಟ್ಟಿದ ಕಾಗದಗಳೇ ಕ್ರಮೇಣ ಗುರುತಿನ ಕೆಲಸವನ್ನೂ ಹೊತ್ತುಕೊಂಡಿವೆ. ಅವುಗಳಲ್ಲಿ ಹಿರಿಯದು ನಮ್ಮ ಹುಡುಗರು ಬರಿದೆ 'ಸೋಷಿಯಲ್' ಎಂದು ಕರೆಯುವ ಒಂಬತ್ತು ಅಂಕೆಯ ಸಂಖ್ಯೆ. ರೂಸ್‌ವೆಲ್ಟ್ ಅಧ್ಯಕ್ಷರು 1935ರ ಆಗಸ್ಟ್ 14ರಂದು ಸಹಿ ಹಾಕಿದ ಸಾಮಾಜಿಕ ಭದ್ರತಾ ಕಾಯಿದೆಯಂತೆ, ಕಾರ್ಮಿಕನು ಎಷ್ಟು ದುಡಿದನು, ವೃದ್ಧಾಪ್ಯದಲ್ಲಿ ಅವನಿಗೆ ಎಷ್ಟು ಸಲ್ಲಬೇಕು ಎಂಬ ಲೆಕ್ಕವಿಡುವುದಕ್ಕಾಗಿ 1936ರ ನವೆಂಬರಿನಿಂದ ಅಂಚೆ ಕಚೇರಿಗಳ ಮೂಲಕ ಈ ಸಂಖ್ಯೆಯನ್ನು ಹಂಚಲಾಯಿತು. ಇದು ಗುರುತಿನ ಚೀಟಿಯಲ್ಲವೆಂಬ ಒಕ್ಕಣೆಯನ್ನು 1946ರಿಂದ ಕಾರ್ಡಿನ ಮೇಲೆಯೇ ಅಚ್ಚು ಹಾಕಿಸಿ, 1972ರಲ್ಲಿ ಆ ಸಾಲನ್ನು ಕೈಬಿಟ್ಟರು. ಜನ ಈ ಸಂಖ್ಯೆಯನ್ನು ಎಷ್ಟರಮಟ್ಟಿಗೆ ತಿಳಿದುಕೊಂಡಿದ್ದರೆಂಬುದಕ್ಕೆ ಅಲ್ಲಿಯ ಇಲಾಖೆಯೇ ಹೇಳುವ ಒಂದು ಕಥೆಯುಂಟು. ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟ್ ಎಂಬಲ್ಲಿ ಹಣದ ಚೀಲಗಳನ್ನು ತಯಾರಿಸುವ ಕಂಪನಿಯೊಂದು 1938ರಲ್ಲಿ, ಕಾರ್ಡನ್ನು ಇಡಲು ಚೀಲದಲ್ಲಿ ಎಷ್ಟು ಅನುಕೂಲವಾದ ಜಾಗವಿದೆಯೆಂದು ತೋರಿಸಲು, ತನ್ನ ಕಾರ್ಯದರ್ಶಿನಿಯ ನಿಜವಾದ ಸಂಖ್ಯೆಯನ್ನೇ ಮಾದರಿ ಕಾರ್ಡಿನ ಮೇಲೆ ಮುದ್ರಿಸಿ ಪ್ರತಿಯೊಂದು ಚೀಲದೊಳಗೂ ಇಟ್ಟಿತು. ಕಾರ್ಡಿನ ಮೇಲೆ ಮಾದರಿಯೆಂದು ಬರೆದಿದ್ದರೂ, ಕೊಂಡ ಜನ ಅದನ್ನು ತಮ್ಮದೇ ಸಂಖ್ಯೆಯೆಂದು ಬಗೆದರು. 1943ರ ಹೊತ್ತಿಗೆ 5,755 ಮಂದಿ, ಒಟ್ಟಾರೆ 40,000ಕ್ಕೂ ಮಿಕ್ಕು ಜನ, ಆ ಒಬ್ಬ ಹೆಂಗಸಿನ ಸಂಖ್ಯೆಯನ್ನು ತಮ್ಮ ಹೆಸರಿನಲ್ಲಿ ಬರೆಸಿಕೊಂಡಿದ್ದರಂತೆ. ಚೀಲದಲ್ಲಿ ಕಾರ್ಡನ್ನು ಇಟ್ಟುಕೊಂಡು ತಿರುಗಬಾರದೆಂದು ಇಲಾಖೆ ಇಂದಿಗೂ ಬುದ್ಧಿ ಹೇಳುತ್ತದೆ, ಕಾರಣ ಬೇರೆಯಾದರೂ.

ದುಡಿಮೆಯ ಲೆಕ್ಕಕ್ಕೆಂದು ಹುಟ್ಟಿದ ಸಂಖ್ಯೆಯಾದುದರಿಂದ ದುಡಿಯಲು ಅನುಮತಿಯಿಲ್ಲದವಳಿಗೆ ಅದು ದೊರೆಯುವುದಿಲ್ಲ. ಎಚ್-4ರಲ್ಲಿರುವ ಹೆಂಡತಿಗೆ ತಾನಾಗಿ ಉದ್ಯೋಗದ ಹಕ್ಕಿಲ್ಲ. ಗಂಡನ ಗ್ರೀನ್‌ಕಾರ್ಡಿನ ಅರ್ಜಿ ಒಂದು ಘಟ್ಟವನ್ನು ದಾಟಿದ್ದರೆ ಮಾತ್ರ ಆಕೆ ಕೆಲಸದ ಪರವಾನಗಿಯನ್ನು ಕೇಳಬಹುದೆಂಬ ನಿಯಮ 2015ರ ಮೇ 26ರಿಂದ ಜಾರಿಗೆ ಬಂದಿದೆ. ಆ ಪರವಾನಗಿಯ ಅರ್ಜಿಯಲ್ಲಿಯೇ ಸೋಷಿಯಲ್ ಸಂಖ್ಯೆಯನ್ನೂ ಕೇಳುವ ಅನುಕೂಲ 2017ರ ಅಕ್ಟೋಬರಿನಿಂದ ಇದೆಯಾಗಿ, ಹಾಗೆ ಕೇಳಿದವರು ಇನ್ನೊಂದು ಕಚೇರಿಯ ಮೆಟ್ಟಿಲನ್ನು ಹತ್ತಬೇಕಾಗಿಲ್ಲ. ಕಂಪನಿಯ ಒಳಗೇ ವರ್ಗವಾಗಿ ಬಂದವರ ಹೆಂಡಿರಿಗೆ, ಅಂದರೆ ಎಲ್-2 ವೀಸಾದವರಿಗೆ, 2021ರ ನವೆಂಬರಿನ ಒಂದು ರಾಜಿಯಿಂದಾಗಿ ಬಂದ ದಿನದಿಂದಲೇ ದುಡಿಯುವ ಹಕ್ಕಿದೆ. ಒಂದೇ ಬೀದಿಯಲ್ಲಿ, ಒಂದೇ ಬಗೆಯ ಓದು ಓದಿದ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಮರುವಾರವೇ ಕೆಲಸಕ್ಕೆ ಹೋಗುವುದೂ ಇನ್ನೊಬ್ಬಳು ಕಿಟಕಿಯಲ್ಲಿ ನಿಂತು ಅವಳನ್ನು ನೋಡುವುದೂ ಗಂಡಂದಿರ ವೀಸಾದ ಒಂದು ಅಕ್ಷರದ ವ್ಯತ್ಯಾಸದಿಂದ ಎಂಬುದು ನನಗೆ ಇಂದಿಗೂ ಜೀರ್ಣವಾಗದ ಸಂಗತಿ.

ಇಲ್ಲಿ ಒಂದು ವಿನೋದವುಂಟು. ಸಂಖ್ಯೆ ಕೊಡುವುದಿಲ್ಲವೆಂದು ಇಲಾಖೆ ಬರೆದುಕೊಡುವ ನಿರಾಕರಣ ಪತ್ರವೇ ಒಂದು ಬೆಲೆಯುಳ್ಳ ದಾಖಲೆ. ನ್ಯೂಯಾರ್ಕ್ ಮೊದಲಾದ ಕೆಲವು ರಾಜ್ಯಗಳಲ್ಲಿ ವಾಹನದ ಲೈಸೆನ್ಸಿಗೆ ಅರ್ಜಿ ಹಾಕುವಾಗ ಆ ಪತ್ರವನ್ನು ಕೇಳಿ ಪಡೆಯುತ್ತಾರೆ. ಆದುದರಿಂದ ಸಿಗುವುದಿಲ್ಲವೆಂದು ಚೆನ್ನಾಗಿ ತಿಳಿದಿದ್ದೂ ಅರ್ಧ ದಿನ ಕಾದು, ಸಿಗುವುದಿಲ್ಲವೆಂದು ಹೇಳಿಸಿಕೊಂಡು, ಹಾಗೆ ಹೇಳಿದ್ದನ್ನು ಕಾಗದದ ಮೇಲೆ ಬರೆಸಿಕೊಂಡು ಬರಬೇಕು. ಮುಂಚೆ ಹೀಗಿರಲಿಲ್ಲ, ಲೈಸೆನ್ಸಿಗೆ ಬೇಕೆಂದು ಹೇಳಿದರೆ ಕೆಲಸ ಮಾಡದ ಹೆಂಡತಿಗೂ ಸಂಖ್ಯೆಯನ್ನು ಕೊಡುವ ಕಾಲವೊಂದಿತ್ತು, 2003ರ ವೇಳೆಗೆ ಆ ಬಾಗಿಲು ಮುಚ್ಚಿತು. ಕನ್ನಡಕೂಟದ ಯುಗಾದಿ ಊಟದ ಪಂಕ್ತಿಯಲ್ಲಿ ಹಳಬರು ಕೊಡುವ ಉಪದೇಶ ಹೊಸಬರಿಗೆ ಹಲವು ಸಲ ಹೊಂದದಿರುವುದಕ್ಕೆ ಇದೇ ಕಾರಣ: ಅವರು ಹೇಳುವುದು ಸುಳ್ಳಲ್ಲ, ಅವರ ಕಾಲದ ನಿಜ.

ಇನ್ನು ಹೆಸರಿನ ವಿಷಯ. ಕಾಗದಗಳ ಸಕಲ ಕ್ಲೇಶಕ್ಕೂ ಬೀಜವಿರುವುದು ಇಲ್ಲಿಯೇ ಎಂಬುದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಹಳೆಯ ಮೈಸೂರು ಸೀಮೆಯಲ್ಲಿ ಮನುಷ್ಯನಿಗೆ ಇರುವುದು ಒಂದೇ ಹೆಸರು. ಅದರ ಮುಂದೆ ಊರಿನದೊಂದು, ತಂದೆಯದೊಂದು ಅಕ್ಷರ ಕಾವಲು ನಿಂತಿರುತ್ತವೆ. ಕೆ. ವಿ. ಪುಟ್ಟಪ್ಪನವರಲ್ಲಿ ಮೊದಲನೆಯದು ಕುಪ್ಪಳಿ, ಎರಡನೆಯದು ವೆಂಕಟಪ್ಪ, ಡಿ. ವಿ. ಗುಂಡಪ್ಪನವರಲ್ಲಿ ದೇವನಹಳ್ಳಿ, ವೆಂಕಟರಮಣಯ್ಯ. ಹೆಣ್ಣುಮಕ್ಕಳು ಮದುವೆಯಾದಮೇಲೆ ಅನೇಕ ವೇಳೆ ಈ ಕಾವಲುಗಾರರನ್ನು ಬದಲಾಯಿಸಿಕೊಳ್ಳುತ್ತಿದ್ದರು. ಕಾದಂಬರಿಕಾರ್ತಿ ಎಂ. ಕೆ. ಇಂದಿರಾ ಎಂದರೆ ಮಂಡಗದ್ದೆ ಕೃಷ್ಣರಾವ್ ಇಂದಿರಾ, ಆ ಕೃಷ್ಣರಾಯರು ಅವರ ಪತಿ. ಒಂದು ಅರ್ಜಿಯಿಲ್ಲದೆ, ಒಂದು ಅಫಿಡವಿಟ್ಟಿಲ್ಲದೆ, ಊರೂ ತಂದೆಯ ಹೆಸರೂ ಕಳಚಿ ಗಂಡನದು ಬಂದು ಕೂಡುತ್ತಿತ್ತು, ಕೇಳುವವರಿರಲಿಲ್ಲ. ಉತ್ತರ ಕರ್ನಾಟಕದ ಕ್ರಮ ಬೇರೆ: ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ತನ್ನದು ಮೊದಲು, ತಂದೆಯದು ನಡುವೆ, ಮನೆತನದ್ದು ಕೊನೆಗೆ. ಅಮೆರಿಕದ ಅರ್ಜಿಯ ಚೌಕಗಳಲ್ಲಿ ಧಾರವಾಡದವರು ಕೂಡುವಷ್ಟು ಸುಖವಾಗಿ ಮೈಸೂರಿನವರು ಕೂಡಲಾರರು.

ಚೌಕಗಳಿರುವುದು ಎರಡು. ನಮ್ಮ ಪಾಸ್‌ಪೋರ್ಟಿನಲ್ಲಿಯೂ ಒಂದು ಸರ್‌ನೇಮ್, ಇನ್ನೊಂದು ಗಿವನ್ ನೇಮ್. ಇನಿಷಿಯಲ್ ಅಕ್ಷರಗಳನ್ನು ಹಾಗೆಯೇ ಬರೆಯಗೊಡುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿದ ಕೂಡಲೆ ಯಾರೂ ಎಂದೂ ಕೂಗದಿದ್ದ ಊರಿನ ಹೆಸರು ಮನೆತನದ ಹೆಸರಾಗಿ ಪಟ್ಟವೇರುತ್ತದೆ. ಇದಕ್ಕೆ ಬೇಸತ್ತು ಕೆಲವರು ಸರ್‌ನೇಮಿನ ಚೌಕವನ್ನು ಖಾಲಿ ಬಿಟ್ಟು, ಪದ್ಮಾವತಿಯೆಂದೋ ಸುಧಾ ಎಂದೋ ಒಂದೇ ಹೆಸರನ್ನು ಕೊಡುತ್ತಾರೆ. ಅದರ ಫಲ ಇನ್ನೂ ವಿಚಿತ್ರ. ಅಮೆರಿಕದ ವೀಸಾದಲ್ಲಿ ಸರ್‌ನೇಮಿನ ಜಾಗ ಖಾಲಿ ಇರಕೂಡದಾಗಿ ಇದ್ದ ಒಂದು ಹೆಸರನ್ನು ಅಲ್ಲಿಗೆ ಎಳೆದು, ಗಿವನ್ ನೇಮಿನ ಜಾಗದಲ್ಲಿ 'ಎಫ್ಎನ್‌ಯು' ಎಂಬ ಮೂರು ಅಕ್ಷರಗಳನ್ನು ತುಂಬುತ್ತಾರೆ. ಮೊದಲ ಹೆಸರು ತಿಳಿಯದು ಎಂಬುದರ ಇಂಗ್ಲಿಷ್ ಸಂಕ್ಷೇಪ ಅದು. ಹೀಗೆ ತಂದೆತಾಯಿಗಳು ತೊಟ್ಟಿಲಲ್ಲಿ ಮೂರು ಸಲ ಕಿವಿಯಲ್ಲಿ ಹೇಳಿ ಇಟ್ಟ ಹೆಸರುಳ್ಳವಳು ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಲೈಸೆನ್ಸ್ ಕಚೇರಿಯಲ್ಲಿ 'ಫ್ನೂ' ಎಂದು ಕರೆಸಿಕೊಳ್ಳುತ್ತಾಳೆ. ಇದರಿಂದ ಪಾರಾಗುವ ಉಪಾಯ ಅಲ್ಲಿ ಇಲ್ಲ, ಇಲ್ಲಿದೆ: ವೀಸಾಕ್ಕೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟನ್ನು ಹೊಸದಾಗಿ ಮಾಡಿಸಿ, ಎರಡು ಚೌಕಗಳನ್ನೂ ತಾನು ಜೀವಮಾನವಿಡೀ ಸಹಿಸಬಲ್ಲಂಥ ಹೆಸರುಗಳಿಂದ ತುಂಬಿಸಿಕೊಳ್ಳುವುದು. ಮದುವೆಯ ನೆಪದಲ್ಲಿ ಗಂಡನ ಹೆಸರನ್ನು ಸೇರಿಸಿಕೊಳ್ಳುವವರೂ ಆಗಲೇ ಸೇರಿಸಿಕೊಳ್ಳಲಿ. ಸೇರಿಸಬೇಕೆಂಬ ನಿರ್ಬಂಧವೇನೂ ಇಲ್ಲವೆಂಬುದನ್ನೂ ಅತ್ತೆಯಂದಿರು ತಿಳಿದಿರಲಿ. ವೀಸಾ ಒಂದು ಹೆಸರಿನಲ್ಲಿ, ಬ್ಯಾಂಕು ಇನ್ನೊಂದು ಹೆಸರಿನಲ್ಲಿ, ಲೈಸೆನ್ಸು ಮೂರನೆಯದರಲ್ಲಿ ಆದರೆ, ಮೂವರೂ ಒಬ್ಬಳೇ ಎಂದು ರುಜುವಾತುಪಡಿಸುವುದು ಅವಳ ಪಾಲಿನ ಕರ್ಮ.

ಕಾಗುಣಿತವೂ ಇಷ್ಟೇ ಮುಖ್ಯ. ಕನ್ನಡದಲ್ಲಿ ಗೀತಾ ಎಂದು ಎರಡೇ ಅಕ್ಷರಗಳಲ್ಲಿ ಮುಗಿಯುವ ಹೆಸರಿಗೆ ಇಂಗ್ಲಿಷಿನಲ್ಲಿ ಈಕಾರಕ್ಕೆ ಎರಡು 'ಇ'ಗಳೋ ಒಂದು 'ಐ'ಯೋ, ತಕಾರಕ್ಕೆ ಬರಿಯ 'ಟಿ' ಸಾಕೋ ಬೆನ್ನಿಗೆ 'ಎಚ್' ಬೇಕೋ ಎಂಬುದು ಎಸ್ಸೆಸ್ಸೆಲ್ಸಿಯ ಅರ್ಜಿಯನ್ನು ತುಂಬಿದ ಮೇಷ್ಟರ ಮನೋಧರ್ಮವನ್ನು ಅವಲಂಬಿಸಿದ್ದು. ಜನನ ಪ್ರಮಾಣಪತ್ರದ ಕಥೆ ಇನ್ನೊಂದು: ಆಸ್ಪತ್ರೆಯಲ್ಲಿ ಹೆರಿಗೆಯಾದೊಡನೆ ನಾಮಕರಣಕ್ಕೆ ಮುಂಚೆಯೇ ನೋಂದಾಯಿಸಿದ್ದರಿಂದ ಅನೇಕರ ಪತ್ರದಲ್ಲಿ ತಾಯಿ ತಂದೆಯರ ಹೆಸರಿದ್ದು ಮಗುವಿನದೇ ಇರುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯಿದೆಯಲ್ಲಿ ಹೆಸರನ್ನು ಆಮೇಲೆ ಸೇರಿಸುವ ಅವಕಾಶವಿದೆ. ಹುಟ್ಟಿದ ಊರಿನ ಕಚೇರಿಗೆ ತಾನೇ ಹೋಗಿ ಸೇರಿಸಿಕೊಳ್ಳಬಲ್ಲವಳು ಸೇರಿಸಿಕೊಂಡೇ ವಿಮಾನವನ್ನು ಏರುವುದು ಲೇಸು. ಇನ್ನು ವಿವಾಹದ ನೋಂದಣಿ. ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಎಲ್ಲ ವಿವಾಹಗಳನ್ನೂ ನೋಂದಾಯಿಸತಕ್ಕದ್ದೆಂದು ಹೇಳಿತು. ಕರ್ನಾಟಕದಲ್ಲಿ ಅದಕ್ಕೆ ಬಹು ಮುಂಚೆ, 1976ರಲ್ಲಿಯೇ ಕಾಯಿದೆಯಾಗಿತ್ತು. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗುವಾಗ ಲಗ್ನಪತ್ರಿಕೆಯನ್ನೂ ಒಯ್ಯುವುದು ರೂಢಿ. ಪತ್ರಿಕೆಯಲ್ಲಿ ಚಿ. ಸೌ. ಎಂಬ ಸಂಭ್ರಮದ ಹಿಂದೆ ಮನೆಯಲ್ಲಿ ಕರೆಯುವ ಹೆಸರು ಅಚ್ಚಾಗಿದ್ದು ಪಾಸ್‌ಪೋರ್ಟಿನಲ್ಲಿ ಬೇರೊಂದಿದ್ದರೆ, ಆ ಕ್ಷಣದಲ್ಲಿ ಗುಮಾಸ್ತನಿಗೆ ಕೈಮುಗಿದು ಪಾಸ್‌ಪೋರ್ಟಿನ ಕಾಗುಣಿತವನ್ನೇ ಬರೆಸಬೇಕು. ಕರಾವಳಿಯ ಕೆಲವು ಮನೆತನಗಳಲ್ಲಿ ಮದುವೆಯ ದಿನ ವಧುವಿಗೆ ಹೊಸ ಹೆಸರಿಟ್ಟು, ವರನು ಅದನ್ನು ಹರಿವಾಣದ ಅಕ್ಕಿಯಲ್ಲಿ ಉಂಗುರದಿಂದ ಬರೆಯುವ ಸೊಗಸಾದ ಪದ್ಧತಿಯಿದೆ. ಆ ಹೆಸರು ಅಕ್ಕಿಯಲ್ಲಿಯೇ ಇರಲಿ, ಅರ್ಜಿಗೆ ಇಳಿಯದಿರಲಿ.

ಕನ್ನಡದಲ್ಲಿಯೇ ಇರುವ ದಾಖಲೆಗಳೂ ವ್ಯರ್ಥವಲ್ಲ. ವಲಸೆ ಇಲಾಖೆಗೆ ಕೊಡುವಾಗ ಪೂರ್ತಿ ಇಂಗ್ಲಿಷ್ ಅನುವಾದವಿದ್ದು, ಇದು ಪೂರ್ಣವೂ ಸರಿಯೂ ಆಗಿದೆ, ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸಲು ನಾನು ಸಮರ್ಥನು ಎಂದು ಅನುವಾದಕನು ಬರೆದು ಸಹಿ ಮಾಡಿದ್ದರೆ ಸಾಕು. ಮೂಲವನ್ನು ಎಸೆದು ಅನುವಾದವನ್ನು ಮಾತ್ರ ಒಯ್ದವರನ್ನು ನಾನು ಬಲ್ಲೆ.

ವಿಮಾನದಿಂದ ಇಳಿದ ದಿನವೇ ಹುಟ್ಟುವ ದಾಖಲೆ ಐ-94. ನೀನು ಯಾವ ವರ್ಗದಲ್ಲಿ ಬಂದೆ, ಯಾವ ತಾರೀಖಿನವರೆಗೆ ಇರಬಹುದು ಎಂಬುದನ್ನು ಹೇಳುವುದು ವೀಸಾ ಅಲ್ಲ, ಇದು. ಹಿಂದೆ ಪಾಸ್‌ಪೋರ್ಟಿಗೆ ಚುಚ್ಚಿ ಕೊಡುತ್ತಿದ್ದ ಬಿಳಿಯ ಚೀಟಿ 2013ರಲ್ಲಿ ವಿಮಾನ ನಿಲ್ದಾಣಗಳಿಂದ ಮಾಯವಾಗಿ, ಈಗ ಸರ್ಕಾರದ ಜಾಲತಾಣದಿಂದ ನಾವೇ ಇಳಿಸಿಕೊಂಡು ಅಚ್ಚು ಹಾಕಿಕೊಳ್ಳಬೇಕಾಗಿದೆ. ಮನೆಗೆ ಹೋಗಿ ಸ್ನಾನ ಊಟಗಳಾದ ಮೇಲೆ, ನಿದ್ದೆಗೆ ಮುಂಚೆ, ಮಾಡಬೇಕಾದ ಕೆಲಸ ಇದು. ಹೆಸರಿನ ಒಂದೊಂದು ಅಕ್ಷರ, ಹುಟ್ಟಿದ ತಾರೀಖು, ಎಚ್-4 ಎಂಬ ವರ್ಗ, ಮುಗಿಯುವ ದಿನ, ಈ ನಾಲ್ಕನ್ನು ಪಾಸ್‌ಪೋರ್ಟಿನೊಡನೆಯೂ ಗಂಡನ ಕಾಗದದೊಡನೆಯೂ ಹೋಲಿಸಿ ನೋಡಬೇಕು. ಹೆಂಡತಿಯ ಪಾಸ್‌ಪೋರ್ಟು ಬೇಗ ಮುಗಿಯುವಂತಿದ್ದರೆ, ಗಂಡನಿಗೆ ಮೂರು ವರ್ಷ ಕೊಟ್ಟಿದ್ದರೂ ಇವಳಿಗೆ ಪಾಸ್‌ಪೋರ್ಟು ಮುಗಿಯುವ ದಿನಕ್ಕೇ ನಿಲ್ಲಿಸಿಬಿಡುವುದುಂಟು. ಗಮನಿಸದಿದ್ದವರು ತಮಗೆ ತಿಳಿಯದಂತೆಯೇ ಕಾನೂನುಬಾಹಿರರಾಗುತ್ತಾರೆ. ತಪ್ಪು ಅಧಿಕಾರಿಯದಾಗಿದ್ದರೆ ವಿಮಾನ ನಿಲ್ದಾಣಗಳಿಗೆ ಸೇರಿದ ಒಂದು ಕಚೇರಿಯಲ್ಲಿ ತಿದ್ದಿಕೊಡುತ್ತಾರೆ, ಹಣ ಕೇಳುವುದಿಲ್ಲ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ ಎಂಬುದನ್ನು ಮರೆತು, ಜುಲೈ 3ರಂದು ಹುಟ್ಟಿದವಳು ಮಾರ್ಚಿ 7ರಂದು ಹುಟ್ಟಿದವಳಾಗಿ ಅರ್ಜಿಯಲ್ಲಿ ಅವತರಿಸುವುದನ್ನು ನನ್ನ ಕಣ್ಣೆದುರಿಗೇ ಕಂಡಿದ್ದೇನೆ. ಪೆನ್ನು ನನ್ನ ಕೈಯಲ್ಲಿಯೇ ಇತ್ತು.

ಆಮೇಲೆ ವಿಳಾಸದ ಚಕ್ರವ್ಯೂಹ. ಲೈಸೆನ್ಸ್ ಕಚೇರಿ ವಾಸದ ಪುರಾವೆಗಳನ್ನು ಕೇಳುತ್ತದೆ. ಮನೆಯ ಕರಾರು, ವಿದ್ಯುತ್ತಿನ ಬಿಲ್ಲು, ನೀರಿನದು, ಟೆಲಿಫೋನಿನದು ಎಲ್ಲವೂ ಗಂಡನ ಹೆಸರಿನಲ್ಲಿರುತ್ತವೆ. ಬ್ಯಾಂಕಿನ ಖಾತೆ ತೆರೆಯೋಣವೆಂದರೆ ಬ್ಯಾಂಕಿನವರು ಗುರುತಿನ ಚೀಟಿಯನ್ನೂ ವಿಳಾಸವನ್ನೂ ಕೇಳುತ್ತಾರೆ. ಗುರುತಿನ ಚೀಟಿಗೆ ವಿಳಾಸ ಬೇಕು, ವಿಳಾಸದ ಕಾಗದಕ್ಕೆ ಗುರುತು ಬೇಕು. ಇದನ್ನು ಭೇದಿಸುವ ದ್ವಾರ ಮನೆಯ ಕರಾರು: ಹೆಂಡತಿ ಬರುವ ಮೊದಲೇ, ಅಥವಾ ಬಂದ ವಾರವೇ, ಮನೆಯ ಯಜಮಾನನನ್ನು ಕೇಳಿ ಅವಳ ಪಾಸ್‌ಪೋರ್ಟಿನ ಹೆಸರನ್ನು ಅದರಲ್ಲಿ ಸೇರಿಸಿಬಿಡುವುದು.  ಆಮೇಲೆ ಪಾಸ್‌ಪೋರ್ಟನ್ನು ತೋರಿಸಿ ಜಂಟಿ ಖಾತೆ, ಖಾತೆಯಿಂದ ತಿಂಗಳ ವಿವರಪಟ್ಟಿ, ಹೀಗೆ ಒಂದರ ಬೆನ್ನು ಹಿಡಿದು ಒಂದು. ಕ್ಯಾಲಿಫೋರ್ನಿಯದಲ್ಲಿ ವಿವಾಹ ಪ್ರಮಾಣಪತ್ರವನ್ನು ತೋರಿಸಿದರೆ ಗಂಡನ ಹೆಸರಿನ ಕಾಗದಗಳನ್ನೇ ಹೆಂಡತಿಯ ವಾಸಕ್ಕೂ ಪುರಾವೆಯಾಗಿ ಒಪ್ಪುವ ಔದಾರ್ಯವಿದೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಆ ಹಾಳೆ ಇಷ್ಟು ದೂರದಲ್ಲಿ ಹೀಗೆ ಕೆಲಸಕ್ಕೆ ಬಂದೀತೆಂದು ಅದಕ್ಕೆ ಮೊಹರು ಒತ್ತಿದವನು ಕನಸಿನಲ್ಲಿಯೂ ಎಣಿಸಿರಲಾರ.

ಅಮೆರಿಕದ ನಿತ್ಯಜೀವನದಲ್ಲಿ ಗುರುತಿನ ಚೀಟಿಯೆಂದು ಸಲ್ಲುವುದು ಸಾಮಾನ್ಯವಾಗಿ ಡಿಎಂವಿ ಎಂದು ಕರೆಯುವ, ಆಯಾ ರಾಜ್ಯದ ಮೋಟಾರು ವಾಹನ ಇಲಾಖೆ ಕೊಡುವ ಲೈಸೆನ್ಸು. ಕಾರು ನಡೆಸಲು ಬಾರದವಳಿಗೆ ಅದೇ ಆಕಾರದ ಬರಿಯ ಗುರುತಿನ ಕಾರ್ಡು ಇದೆ. ಹೊಸಬಳು ಮೊದಲು ಅದನ್ನು ಪಡೆದು ಆಮೇಲೆ ಸಾವಕಾಶವಾಗಿ ಲೈಸೆನ್ಸಿಗೆ ಹೋಗಬಹುದು. ಕೌಂಟರಿನಲ್ಲಿರುವ ಗುಮಾಸ್ತೆ ಪಾಸ್‌ಪೋರ್ಟನ್ನೂ ಐ-94ನ್ನೂ ನೋಡಿ, 'ಸೇವ್' ಎಂಬ ಕೇಂದ್ರದ ಪಟ್ಟಿಯಲ್ಲಿ ಇವಳ ವಿವರವನ್ನು ಹೋಲಿಸುತ್ತಾಳೆ. ಬಂದು ಎರಡು ದಿನಕ್ಕೇ ಹೋದರೆ ಪಟ್ಟಿಗೆ ಇನ್ನೂ ಹೆಸರು ಏರಿರುವುದಿಲ್ಲವಾದ್ದರಿಂದ ಒಂದೆರಡು ವಾರ ತಡೆದು ಹೋಗುವುದೇ ಜಾಣತನ. 2005ರ ರಿಯಲ್ ಐಡಿ ಕಾಯಿದೆ ಮತ್ತೆ ಮತ್ತೆ ಮುಂದೂಡಿಸಿಕೊಂಡು 2025ರ ಮೇ 7ರಿಂದ ವಿಮಾನ ನಿಲ್ದಾಣಗಳಲ್ಲಿ ಜಾರಿಗೆ ಬಂದಿದೆ. ಒಳನಾಡಿನ ವಿಮಾನವನ್ನು ಏರುವವರ ಕಾರ್ಡು ಆ ಕಾಯಿದೆಗೆ ಹೊಂದಿರಬೇಕು, ಇಲ್ಲದಿದ್ದರೆ ಪಾಸ್‌ಪೋರ್ಟನ್ನು ಒಯ್ಯಬೇಕು. ಎಚ್-4ರವಳಿಗೆ ಕೊಡುವ ಕಾರ್ಡು ಐ-94 ಮುಗಿಯುವ ದಿನಕ್ಕೇ ಮುಗಿಯುತ್ತದೆ. ಗಂಡನ ವೀಸಾ ಮುಂದುವರಿದಂತೆಲ್ಲ ಇವಳ ಲೈಸೆನ್ಸೂ ಹೊಸದಾಗಬೇಕು. ಅವನ ಅರ್ಜಿ ಎಲ್ಲಿಯೋ ಧೂಳು ತಿನ್ನುತ್ತಿರುವ ತನಕ ಇವಳು ಮಗುವನ್ನು ಶಾಲೆಗೆ ಬಿಡಲು ಕಾರು ತೆಗೆಯುವಂತಿಲ್ಲ.

ತೆರಿಗೆಯ ವಿಷಯವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಸೋಷಿಯಲ್ ಸಂಖ್ಯೆ ಇಲ್ಲದ ಹೆಂಡತಿಯೊಡನೆ ಗಂಡನು ಜಂಟಿಯಾಗಿ ತೆರಿಗೆಯ ಲೆಕ್ಕ ಒಪ್ಪಿಸಬೇಕಾದರೆ, ಅವಳಿಗೆ ಐಟಿನ್ ಎಂಬ ಬೇರೊಂದು ಒಂಬತ್ತು ಅಂಕೆಯ ಸಂಖ್ಯೆಯನ್ನು ಡಬ್ಲ್ಯು-7 ಎಂಬ ನಮೂನೆಯಲ್ಲಿ ಕೇಳಬೇಕು. ಅದರ ಜೊತೆಗೆ ಮೂಲ ಪಾಸ್‌ಪೋರ್ಟನ್ನೇ ಅಂಚೆಯಲ್ಲಿ ಕಳುಹಿಸಬೇಕೆಂದು ಹೆದರಿ ಸುಮ್ಮನಿರುವವರುಂಟು. ಇಲಾಖೆಯಿಂದ ಅಧಿಕಾರ ಪಡೆದ ಮಧ್ಯವರ್ತಿಗಳು ಪಾಸ್‌ಪೋರ್ಟನ್ನು ನೋಡಿ ದೃಢೀಕರಿಸಿ ಕೈಗೇ ಹಿಂದಿರುಗಿಸುತ್ತಾರೆ.

ನಾನು ಇಷ್ಟೆಲ್ಲ ಕಂಡಮೇಲೆ ಮನಸ್ಸಿನಲ್ಲಿ ಉಳಿದದ್ದು ನಿಯಮಗಳ ಜಟಿಲತೆಯಲ್ಲ, ಆ ಫೈಲು ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆ. ಒಳ್ಳೆಯ ಗಂಡಂದಿರು ಪ್ರೀತಿಯಿಂದಲೇ ಎಲ್ಲ ಅರ್ಜಿಗಳನ್ನೂ ತಾವೇ ತುಂಬಿ, ತಮ್ಮ ಇ-ಮೇಲನ್ನೂ ತಮ್ಮ ಫೋನನ್ನೂ ಕೊಟ್ಟು, ಹೆಂಡತಿಯಿಂದ ಸಹಿ ಮಾತ್ರ ಹಾಕಿಸಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಹತ್ತು ಜನರ ತಂಡವನ್ನು ನಡೆಸುತ್ತಿದ್ದವಳು ಅಲ್ಲಿ ತನ್ನ ಐ-94 ಎಂದು ಮುಗಿಯುತ್ತದೆಂಬುದನ್ನು ರಾತ್ರಿ ಗಂಡ ಬಂದಮೇಲೆ ಕೇಳಿ ತಿಳಿದುಕೊಳ್ಳುತ್ತಾಳೆ. ಅರ್ಜಿಗಳಲ್ಲಿ ಅವಳನ್ನು 'ಡಿಪೆಂಡೆಂಟ್' ಎಂದು ಕರೆಯುವುದು ಸರ್ಕಾರದ ಭಾಷೆ. ಮನೆಯೊಳಗೂ ಅದೇ ಭಾಷೆ ನಡೆಯಬೇಕೆಂದಿಲ್ಲ. ಹದಿನೆಂಟು ದಾಟಿದ ವಿದೇಶೀಯರು ತಮ್ಮ ನೋಂದಣಿಯ ಪುರಾವೆಯನ್ನು ಸದಾ ಮೈಮೇಲೆ ಇಟ್ಟುಕೊಂಡಿರತಕ್ಕದ್ದೆಂದೂ, ಮನೆ ಬದಲಾಯಿಸಿದ ಹತ್ತು ದಿನದೊಳಗೆ ಹೊಸ ವಿಳಾಸವನ್ನು ವಲಸೆ ಇಲಾಖೆಗೆ ತಿಳಿಸತಕ್ಕದ್ದೆಂದೂ ಕಾನೂನು ಹೇಳುವುದು ಅವಳಿಗೇ ಹೊರತು ಅವಳ ಗಂಡನ ಕಪಾಟಿಗಲ್ಲ. ಎಲ್ಲ ಗಂಡಂದಿರೂ ಒಳ್ಳೆಯವರಲ್ಲವೆಂಬುದನ್ನೂ ಹೇಳದೆ ವಿಧಿಯಿಲ್ಲ. ಪಾಸ್‌ಪೋರ್ಟನ್ನು ಬೀಗದೊಳಗೆ ಇಟ್ಟು ಹೆದರಿಸುವವರನ್ನು ಕಂಡ ಕಾನೂನು, ಪೌರನಿಂದಲೋ ಗ್ರೀನ್‌ಕಾರ್ಡಿನವನಿಂದಲೋ ಹಿಂಸೆಗೊಳಗಾದ ಪತ್ನಿಯು ಅವನನ್ನು ಕೇಳದೆ ತಾನೇ ಅರ್ಜಿ ಹಾಕಿಕೊಳ್ಳಲು 1994ರಿಂದ ಎಡೆಗೊಟ್ಟಿದೆ. ಆದರೆ ಅದಕ್ಕೂ ಕಾಗದಗಳ ನಕಲು ಅವಳ ಬಳಿಯಲ್ಲಿದ್ದರೆ ದಾರಿ ಹತ್ತಿರ. ತವರಿನಲ್ಲಿಯೂ ಒಂದು ನಕಲಿನ ಕಟ್ಟು ಇರಲೆಂದು ನಾನು ತಂಗಿಗೆ ಹೇಳಿದಾಗ ಅವಳು ಮೊದಲು ಅಪಶಕುನವೆಂದು ಸಿಡುಕಿದಳು. ಮರುದಿನ ಕಬ್ಬಿಣದ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ಜಾಗ ಮಾಡಿದಳು.

ನಮ್ಮ ಹುಡುಗಿಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮಿನ ಚೌಕವನ್ನು ಆಕ್ರಮಿಸಿದ್ದದ್ದು ಅವಳ ತಂದೆಯ ಊರು ಹೊಳೆನರಸೀಪುರ. ಒಂದು ಕಚೇರಿಯಲ್ಲಿ ಕೌಂಟರಿನಿಂದ ಯಾರೋ ಒಬ್ಬರು ಮೂರು ನಾಲ್ಕು ಸಲ ಏನನ್ನೋ ಕೂಗಿದರು. ಇದಾವುದೋ ಇಟಲಿಯವರ ಹೆಸರಿರಬೇಕೆಂದು ನಾವಿಬ್ಬರೂ ಕುಳಿತೇ ಇದ್ದೆವು, ಸರತಿ ತಪ್ಪಿಹೋಗಿ ಇನ್ನೊಂದು ಗಂಟೆ ಕಾಯಬೇಕಾಯಿತು. "ಮಾವ, ಕೂಗಿದ್ದು ನನ್ನನ್ನೇ ಅಂತೆ!" ಎಂದು ಅವಳು ನಕ್ಕ ನಗೆ ಆ ಹಾಲಿನವರೆಲ್ಲ ತಿರುಗಿ ನೋಡುವಂತಿತ್ತು. ಎಲ್ಲ ಮುಗಿದು, ಕಾರ್ಡು ಅಂಚೆಯಲ್ಲಿ ಬರುವುದೆಂದು ಹೇಳಿ ಕಳುಹಿಸಿದರು. ಮೂರು ವಾರವಾಯಿತು, ಐದಾಯಿತು, ಬರಲಿಲ್ಲ. ವಿಚಾರಿಸಿದರೆ, ಮನೆಯ ಅಂಚೆ ಪೆಟ್ಟಿಗೆಯ ಮೇಲಿಲ್ಲದ ಹೆಸರಿಗೆ ಬಂದ ಲಕೋಟೆಯನ್ನು ಅಂಚೆಯವನು ಈ ಮನೆಯಲ್ಲಿ ಅಂಥವರಾರೂ ಇಲ್ಲವೆಂದು ತಿಳಿದು ಹಿಂದಕ್ಕೆ ಕಳುಹಿಸಿದ್ದನಂತೆ. ಅಲ್ಲಿಗೆ ಹೊಸದಾಗಿ ಬಂದವರಿಗೆ ಇದು ಆಗಾಗ ಆಗುವುದೇ. ಅಂದು ಸಂಜೆ ಅಳಿಯನು ಬಿಳಿಯ ಕಾಗದದ ಒಂದು ಪಟ್ಟಿಯನ್ನು ಕತ್ತರಿಸಿ ತಂದ. ಹೆಸರು ಅದರಲ್ಲಿ ಹಿಡಿಸದೆ ಇನ್ನೊಂದು ಪಟ್ಟಿಯನ್ನು ಜೋಡಿಸಬೇಕಾಯಿತು. ಅವಳೇ ಬರೆದು, ಮಳೆಗೆ ಕೆಡದಂತೆ ಮೇಲೆ ಅಂಟುಪಟ್ಟಿ ಹಾಕಿ, ತಗಡಿನ ಪೆಟ್ಟಿಗೆಯ ಮೇಲೆ, ಅವನ ತಂದೆಯ ಹೆಸರಿನ ಕೆಳಗೆ, ಹೇಮಾವತಿಯ ದಂಡೆಯ ಆ ಊರನ್ನು ಅಂಟಿಸಿದಳು.